ಉಪ್ಪಿನ ಋಣ, ಧರ್ಮದ ಭಯ: ಕಂಪನಿ ಕಾಲದ ಸಿಪಾಯಿ ದಂಗೆಗಳು

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ನಡೆದ ದೊಡ್ಡ ದಂಗೆಗಳಲ್ಲಿ ಮೂರು ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಒಂದೊಂದು ವಸ್ತುವಿನ ಸುತ್ತ ಹುಟ್ಟಿಕೊಂಡವು. 1806ರಲ್ಲಿ ವೆಲ್ಲೂರಿನಲ್ಲಿ ಅದು ಪಗಡಿ, 1824ರಲ್ಲಿ ಬಾರಕ್‌ಪುರದಲ್ಲಿ ಅಡುಗೆಯ ಪಾತ್ರೆ, 1857ರಲ್ಲಿ ಮೀರತ್ತಿನಲ್ಲಿ ಕೊಬ್ಬು ಸವರಿದ ಕಾಡತೂಸು. ಸಿಪಾಯಿಗಳು ಮೂರು ಕಡೆಯೂ ತಮ್ಮ ಧರ್ಮ ಕೆಡುತ್ತದೆ ಎಂದರು. ಅವರ ಮೇಲಧಿಕಾರಿಗಳಲ್ಲಿ ಅನೇಕರು ಇದನ್ನು ನೆಪವೆಂದರು. ಸಂಬಳದ ಅತೃಪ್ತಿ, ಪದಚ್ಯುತ ರಾಜಮನೆತನಗಳ ಒಳಸಂಚು, ರಾಜಕೀಯ ದ್ವೇಷ ಇವೇ ನಿಜವಾದ ಕಾರಣ, ಧರ್ಮ ಬರೀ ಮೇಲುಹೊದಿಕೆ ಎಂಬ ವಾದ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಆದರೆ ಯಾರ ಅನ್ನ ಉಂಡು ಯಾರಿಗಾಗಿ ಸಾಯಲು ಒಪ್ಪಿಕೊಂಡಿದ್ದಾನೋ ಅವರ ಆಜ್ಞೆಗೂ ತಾನು ಹುಟ್ಟಿ ಬೆಳೆದ ಧರ್ಮಕ್ಕೂ ಸೈನಿಕ ತೀರಿಸಬೇಕಾದ ಋಣಗಳು ಒಂದನ್ನೊಂದು ಇದಿರಿಸಿದಾಗ ಅವನು ಏನು ಮಾಡಬೇಕು ಎಂಬ ಪ್ರಶ್ನೆ ನೆಪದ್ದಲ್ಲ. ಅದು ಧರ್ಮಜಿಜ್ಞಾಸೆಯ ಪ್ರಶ್ನೆ.

ಎರಡು ಋಣಗಳು

ಕನ್ನಡ ನಾಡಿನಲ್ಲಿ ಸೈನಿಕ ನಿಷ್ಠೆಯ ಕಲ್ಪನೆ ಬಹಳ ಹಳೆಯದು. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕೆಂಬ ಕಟ್ಟಳೆಗೆ ‘ಜೋಳವಾಳಿ’ ಎಂಬ ಹೆಸರಿತ್ತು. ಊರೂರಿನ ವೀರಗಲ್ಲುಗಳು ಈ ಕಟ್ಟಳೆಯನ್ನು ಪಾಲಿಸಿದವರ ನೆನಪು. ಪಂಪನ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದು ಇದೇ ಮೌಲ್ಯದ ಎತ್ತರದ ಚಿತ್ರ. ಮುಸ್ಲಿಂ ಸೈನಿಕರಲ್ಲಿ ಇದೇ ಭಾವ ನಮಕ್‌ಹಲಾಲಿ ಎಂಬ ಹೆಸರಿನಲ್ಲಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಮಾತನ್ನು ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಎಲ್ಲ ಸಿಪಾಯಿಗಳೂ ಒಪ್ಪಿಕೊಂಡಿದ್ದರು. ಕಂಪನಿಯ ಬಲ ನಿಂತಿದ್ದುದೂ ಈ ಅಡಿಪಾಯದ ಮೇಲೆಯೇ. ಸಮುದ್ರದಾಚೆಯಿಂದ ಬಂದ ವ್ಯಾಪಾರಿ ಸಂಸ್ಥೆಯೊಂದಕ್ಕೆ ಈ ನೆಲದ ರಕ್ತಸಂಬಂಧವಿರಲಿಲ್ಲ, ವಂಶದ ಹಕ್ಕಿರಲಿಲ್ಲ. ತಿಂಗಳು ತಿಂಗಳು ತಪ್ಪದೆ ಬರುವ ಸಂಬಳ ಮತ್ತು ಅದಕ್ಕೆ ಪ್ರತಿಯಾಗಿ ಸಿಪಾಯಿ ತೋರುವ ಉಪ್ಪಿನ ಋಣ, ಇವೇ ಅದರ ಸೈನ್ಯವನ್ನು ಕಟ್ಟಿ ನಿಲ್ಲಿಸಿದ್ದವು.

ಎರಡನೆಯ ಋಣ ಕುಲಕ್ಕೆ ಮತ್ತು ಧರ್ಮಕ್ಕೆ ಸಂಬಂಧಿಸಿದ್ದು. ಅಂದಿನ ಸಿಪಾಯಿಗೆ ಧರ್ಮ ಎಂದರೆ ಮನಸ್ಸಿನೊಳಗಿನ ನಂಬಿಕೆಯಷ್ಟೇ ಆಗಿರಲಿಲ್ಲ. ಹಣೆಯ ನಾಮ ಅಥವಾ ವಿಭೂತಿ, ಗಡ್ಡ, ಊಟದ ಪಂಕ್ತಿ, ಮಗಳ ಮದುವೆ, ಸತ್ತ ಮೇಲಿನ ಸಂಸ್ಕಾರ ಎಲ್ಲವೂ ಅದರೊಳಗೆ ಬರುತ್ತಿದ್ದವು. ಧರ್ಮ ಕೆಟ್ಟವನಿಗೆ ಊರಿನಲ್ಲಿ ನೀರು ಬೆಂಕಿ ಸಿಗುತ್ತಿರಲಿಲ್ಲ. ಪಲ್ಟನ್ನಿನಲ್ಲಿ ಹೊತ್ತ ಕಳಂಕವನ್ನು ಅವನ ಮನೆಯವರೂ ಹೊರಬೇಕಾಗುತ್ತಿತ್ತು. ಇನ್ನೂ ಒಂದು ಸಂಗತಿ ಇಲ್ಲಿ ಮುಖ್ಯ. ಸಿಪಾಯಿ ಸೈನ್ಯಕ್ಕೆ ಸೇರುವಾಗ ನಿಷ್ಠೆಯ ಪ್ರಮಾಣ ಮಾಡುತ್ತಿದ್ದುದು ತನ್ನ ಧರ್ಮದ ಹೆಸರಿನಲ್ಲಿಯೇ. ಹೀಗಿರುವಾಗ ಸರ್ಕಾರ ಅವನ ಧರ್ಮಕ್ಕೆ ಕೈಹಾಕಿದರೆ ತಾನು ಯಾವುದರ ಮೇಲೆ ಪ್ರಮಾಣ ಮಾಡಿಸಿಕೊಂಡಿತ್ತೋ ಅದನ್ನೇ ಕೆಡವಿದಂತಾಗುತ್ತಿತ್ತು. ಧಾರ್ಮಿಕ ಅಸಮಾಧಾನ ಉಳಿದ ಅಸಮಾಧಾನಗಳಿಗಿಂತ ಬೇರೆಯಾಗುವುದು ಇಲ್ಲಿಯೇ. ಕಡಿಮೆ ಸಂಬಳ ಋಣದ ಲೆಕ್ಕವನ್ನು ಏರುಪೇರು ಮಾಡುತ್ತದೆ, ಧರ್ಮಭಂಗವಾದರೆ ಋಣವೇ ಹರಿದುಹೋಗುತ್ತದೆ.

ವೆಲ್ಲೂರು, 1806

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಮಕ್ಕಳನ್ನೂ ಮನೆಯವರನ್ನೂ ವೆಲ್ಲೂರಿನ ಕೋಟೆಯೊಳಗಿನ ಅರಮನೆಗೆ ಸಾಗಿಸಲಾಯಿತು. ಪರಿವಾರದವರು, ಆಳುಕಾಳುಗಳು, ಆಶ್ರಿತರು ಅವರ ಹಿಂದೆಯೇ ಬಂದು ಕೋಟೆಯ ಸುತ್ತಮುತ್ತ ನೆಲೆಸಿದರು. ಮೈಸೂರಿನ ಸೈನ್ಯ ಕರಗಿದಾಗ ಕೆಲಸ ಕಳೆದುಕೊಂಡ ಕೆಲವರು ಕಂಪನಿಯ ಪಲ್ಟನ್ನುಗಳಿಗೆ ಸೇರಿದ್ದರು. ಹೀಗೆ ವೆಲ್ಲೂರು ತಮಿಳು ಸೀಮೆಯಲ್ಲಿದ್ದರೂ ಅದರ ಕೋಟೆಯೊಳಗೆ ಮೈಸೂರಿನ ಸೋಲಿನ ನೆನಪು ಮಾಸದೆ ಉಳಿದಿತ್ತು.

1805ರ ನವೆಂಬರಿನಲ್ಲಿ ಮದರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಹೊಸ ಮಾದರಿಯ ಪಗಡಿಯನ್ನು ಜಾರಿಗೆ ತಂದನು. ಸಿಪಾಯಿಗಳೆಲ್ಲ ಒಂದೇ ರೀತಿ ಅಚ್ಚುಕಟ್ಟಾಗಿ ಕಾಣಬೇಕೆಂಬುದು ಅವನ ಉದ್ದೇಶ. ಮರುವರ್ಷ ಬಂದ ನಿಯಮಾವಳಿ ಇನ್ನೂ ಮುಂದೆ ಹೋಯಿತು. ಸಮವಸ್ತ್ರ ಧರಿಸಿ ಕವಾಯತಿಗೆ ಬರುವ ಸಿಪಾಯಿ ಹಣೆಗೆ ಜಾತಿಚಿಹ್ನೆ ಇಟ್ಟಿರಕೂಡದು, ಕಿವಿಯಲ್ಲಿ ಹತ್ತಕಡಕು ಇರಕೂಡದು, ಗಲ್ಲ ನುಣ್ಣಗೆ ಬೋಳಿಸಿರಬೇಕು, ಮೀಸೆ ಎಲ್ಲರಿಗೂ ಒಂದೇ ಅಳತೆಯದಾಗಿರಬೇಕು ಎಂದು ಅದು ವಿಧಿಸಿತು. ಒಂದೇ ಬರಹದಲ್ಲಿ ಹಿಂದೂವಿನ ಹಣೆಗೂ ಮುಸ್ಲಿಮನ ಗಡ್ಡಕ್ಕೂ ಕೈಹಾಕಿದ ಆಜ್ಞೆ ಅದು.

ಹೊಸ ಪಗಡಿಯನ್ನು ಸಿಪಾಯಿಯ ಕಣ್ಣಿನಿಂದ ನೋಡಿದರೆ ಅವನ ಭಯ ಅರ್ಥವಾಗುತ್ತದೆ. ಹಳೆಯ ಪಗಡಿ ತಲೆಗೆ ಸುತ್ತುವ ಬಟ್ಟೆ. ಹೊಸದು ಗಟ್ಟಿ ಆಕಾರದ್ದು, ನೋಡಲು ಯುರೋಪಿಯನ್ನರ ಟೊಪ್ಪಿಗೆಯಂತೆ ಇತ್ತು. ಅದಕ್ಕೆ ಚರ್ಮದ ಅಲಂಕಾರವೊಂದು ಸೇರಿತ್ತು. ಆ ಚರ್ಮ ದನದ್ದೆಂದು ಹಿಂದೂ ಸಿಪಾಯಿ ಅಂಜಿದನು, ಹಂದಿಯದೆಂದು ಮುಸ್ಲಿಂ ಸಿಪಾಯಿ ಹೇಸಿದನು. ಬಂದೂಕು ಬಿಚ್ಚಲು ಬಳಸುವ ತಿರುಪುಳಿ ಎದೆಯ ಮೇಲೆ ತೂಗುತ್ತಿತ್ತು, ಅದರ ಆಕಾರ ಶಿಲುಬೆಯನ್ನು ನೆನಪಿಗೆ ತರುತ್ತಿತ್ತು. ಆ ಕಾಲದ ದಕ್ಷಿಣ ದೇಶದಲ್ಲಿ ಟೊಪ್ಪಿಗೆ ಹಾಕುವವರು ಎಂದರೆ ಪರಂಗಿಗಳು ಅಥವಾ ಅವರ ಮತಕ್ಕೆ ಸೇರಿದವರು. ಪಗಡಿಯ ಮೇಲೆ ಟೊಪ್ಪಿಗೆ ಬಂತು, ಇನ್ನು ಜ್ಞಾನಸ್ನಾನವೊಂದೇ ಬಾಕಿ ಎಂಬರ್ಥದ ಚುಚ್ಚುಮಾತುಗಳು ಪೇಟೆಯಲ್ಲಿ ಹರಡಿದವು. ನಿಮ್ಮೊಂದಿಗೆ ಉಣ್ಣುವವರಾರು, ನಿಮ್ಮ ಮನೆಗೆ ಹೆಣ್ಣು ಕೊಡುವವರಾರು ಎಂದು ಕೇಳುವವರು ಹೆಚ್ಚಾದರು.

ಸಿಪಾಯಿಗಳು ನೇರವಾಗಿ ದಂಗೆ ಏಳಲಿಲ್ಲ. 1806ರ ಮೇ ತಿಂಗಳಲ್ಲಿ ವೆಲ್ಲೂರಿನಲ್ಲಿದ್ದ 4ನೇ ಪಲ್ಟನ್ನಿನ 2ನೇ ಬೆಟಾಲಿಯನ್‌ನವರು ಹೊಸ ಪಗಡಿ ಧರಿಸಲಾರೆವೆಂದು ಹೇಳಿದರು. ಅವರಲ್ಲಿ 21 ಮಂದಿಯ ವಿಚಾರಣೆ ನಡೆಯಿತು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಸಿಪಾಯಿಗೆ ಛಡಿಯೇಟು ಕೊಡಿಸಿ ಸೈನ್ಯದಿಂದ ಓಡಿಸಲಾಯಿತು. ಉಳಿದ 19 ಮಂದಿ ಕ್ಷಮೆ ಕೇಳಿ ಶಿಕ್ಷೆಯಿಂದ ಪಾರಾದರು. ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ದಂಗೆಯ ಸಿದ್ಧತೆ ನಡೆದಿದೆಯೆಂದು ತನ್ನ ಮೇಲಧಿಕಾರಿಗೆ ಮುನ್ಸೂಚನೆ ಕೊಟ್ಟನು. ಅವನನ್ನು ಹುಚ್ಚನೆಂದು ಸಾರಿ ಬಂಧನದಲ್ಲಿಟ್ಟರು. ಕೇಳಿಕೊಂಡವರಿಗೆ ಛಡಿ, ಎಚ್ಚರಿಸಿದವನಿಗೆ ಸಂಕೋಲೆ ಎಂಬುದು ಕೋಟೆಯೊಳಗಿನ ಪ್ರತಿ ಸಿಪಾಯಿಗೂ ಮನದಟ್ಟಾಯಿತು.

ಜುಲೈ 10ರ ನಸುಕಿನಲ್ಲಿ 1ನೇ ಮತ್ತು 23ನೇ ಪಲ್ಟನ್ನುಗಳ ಸಿಪಾಯಿಗಳು ಯುರೋಪಿಯನ್ ಸೈನಿಕರು ಮಲಗಿದ್ದ ಬ್ಯಾರಕ್ಕುಗಳ ಮೇಲೆ ಗುಂಡು ಹಾರಿಸಿದರು. ಕೋಟೆಯ ಅಧಿಪತಿ ಕರ್ನಲ್ ಫ್ಯಾನ್‌ಕೋರ್ಟ್ ಸೇರಿ 100ಕ್ಕೂ ಹೆಚ್ಚು ಯುರೋಪಿಯನ್ನರು ಸತ್ತರು. ಹಿಂದಿನ ದಿನವಷ್ಟೇ ಅರಮನೆಯಲ್ಲಿ ಟಿಪ್ಪುವಿನ ಮಗಳ ಮದುವೆಯ ಸಂಭ್ರಮವಿತ್ತು. ದಂಗೆಕೋರರು ಟಿಪ್ಪುವಿನ ಹುಲಿಪಟ್ಟೆಯ ಬಾವುಟವನ್ನು ಕೋಟೆಯ ಮೇಲೆ ಏರಿಸಿ ರಾಜಕುಮಾರ ಫತೇ ಹೈದರನನ್ನು ಮುಂದಾಳಾಗಿ ನಿಲ್ಲಲು ಕರೆದರು. ಬೆಳಗಾದ ಮೇಲೆ ಆರ್ಕಾಟಿನಿಂದ ಕರ್ನಲ್ ಗಿಲೆಸ್ಪಿ ಕುದುರೆ ಸೈನ್ಯದೊಂದಿಗೆ ಬಂದು ಬಾಗಿಲು ಒಡೆದನು. ಅಂದು ನೂರಾರು ಸಿಪಾಯಿಗಳ ಹತ್ಯೆಯಾಯಿತು. ಸಿಕ್ಕಿಬಿದ್ದು ವಿಚಾರಣೆಗೆ ಗುರಿಯಾದವರಲ್ಲಿ ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದರು, ಕೆಲವರನ್ನು ಗುಂಡಿಕ್ಕಿ ಕೊಂದರು, ಕೆಲವರನ್ನು ಗಲ್ಲಿಗೇರಿಸಿದರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಕಳಿಸಲಾಯಿತು. ಪಗಡಿಯ ಆಜ್ಞೆ ರದ್ದಾಯಿತು. 1807ರಲ್ಲಿ ಗವರ್ನರ್ ವಿಲಿಯಂ ಬೆಂಟಿಂಕ್ ಮತ್ತು ಕ್ರಾಡಕ್ ಇಬ್ಬರನ್ನೂ ಕಂಪನಿ ಹಿಂದಕ್ಕೆ ಕರೆಸಿಕೊಂಡಿತು.

ತನಿಖೆ ನಡೆಸಿದ ಆಯೋಗ ಎರಡು ಕಾರಣಗಳನ್ನು ಹೇಳಿತು: ವೇಷಭೂಷಣದ ಬದಲಾವಣೆ ಮತ್ತು ವೆಲ್ಲೂರಿನಲ್ಲಿ ಟಿಪ್ಪುವಿನ ಮಕ್ಕಳ ಇರುವಿಕೆ. ಈ ಎರಡರಲ್ಲಿ ಯಾವುದು ಮೊದಲು ಎಂಬ ಚರ್ಚೆಗೆ ಹೈದರಾಬಾದಿನ ಉದಾಹರಣೆ ಬೆಳಕು ಚೆಲ್ಲುತ್ತದೆ. ಅಲ್ಲಿನ ಸಿಪಾಯಿಗಳೂ ಅದೇ ಪಗಡಿಯ ಬಗ್ಗೆ ಅಷ್ಟೇ ಕುದಿಯುತ್ತಿದ್ದರು. ಅಲ್ಲಿನ ದಳಪತಿ ಕರ್ನಲ್ ಮಾಂಟ್ರೆಸರ್ ಆಜ್ಞೆಯನ್ನು ಹಿಂತೆಗೆದುಕೊಂಡನು, ದಂಗೆ ಆಗಲಿಲ್ಲ. ರಾಜಮನೆತನದ ನೆನಪು ಬೆಂಕಿಗೆ ದಿಕ್ಕು ತೋರಿಸಿರಬಹುದು. ಬೆಂಕಿ ಹೊತ್ತಿದ್ದು ಆಜ್ಞೆಯಿಂದ, ಮತ್ತು ಅದನ್ನು ಬದಲಿಸಿರೆಂದು ಕೇಳಿಕೊಂಡವರಿಗೆ ಬಿದ್ದ ಹೊಡೆತದಿಂದ.

ನಂದಿದುರ್ಗದ ಭಯ

ವೆಲ್ಲೂರಿನ ಸುದ್ದಿ ಕನ್ನಡ ನಾಡಿನ ದಂಡಿನ ಊರುಗಳಿಗೆ ಬೇಗನೆ ತಲುಪಿತು. ಬಳ್ಳಾರಿಯ ಪಲ್ಟನ್ನುಗಳಲ್ಲಿ ಗುಸುಗುಸು ಶುರುವಾಯಿತು. ನಂದಿದುರ್ಗದ ಸಿಪಾಯಿಗಳು 1806ರ ಅಕ್ಟೋಬರ್ 18ರ ರಾತ್ರಿ ಎದ್ದು ಯುರೋಪಿಯನ್ ಅಧಿಕಾರಿಗಳನ್ನು ಕೊಲ್ಲಲಿದ್ದಾರೆಂಬ ಸುಳಿವು ಸಿಕ್ಕಿ, ಬೆಂಗಳೂರಿನಿಂದ ಕುದುರೆ ಸೈನ್ಯ ಧಾವಿಸಿತು. ಗಮನಿಸಬೇಕಾದದ್ದು ತಾರೀಖನ್ನು. ಪಗಡಿಯ ಆಜ್ಞೆ ರದ್ದಾಗಿ ಆಗಲೇ ಮೂರು ತಿಂಗಳಾಗುತ್ತ ಬಂದಿತ್ತು. ಆಜ್ಞೆ ಹೋದರೂ ಅದು ಹುಟ್ಟಿಸಿದ ಅಪನಂಬಿಕೆ ಹೋಗಿರಲಿಲ್ಲ.

ಈ ಅಪನಂಬಿಕೆಯ ಸ್ವರೂಪವನ್ನು ಆಗ ಹಬ್ಬಿದ್ದ ಒಂದು ವದಂತಿ ಚೆನ್ನಾಗಿ ತೋರಿಸುತ್ತದೆ. ಕಂಪನಿಯವರು ಹೊಸ ಉಪ್ಪನ್ನೆಲ್ಲ ಎರಡು ರಾಶಿ ಮಾಡಿ, ಒಂದರ ಮೇಲೆ ಹಂದಿಯ ರಕ್ತವನ್ನೂ ಇನ್ನೊಂದರ ಮೇಲೆ ದನದ ರಕ್ತವನ್ನೂ ಚಿಮುಕಿಸಿ ಮಾರಾಟಕ್ಕೆ ಬಿಟ್ಟಿದ್ದಾರೆ ಎಂಬುದು ಆ ವದಂತಿ. ಅದು ಸುಳ್ಳು. ಆದರೆ ಅದರೊಳಗೆ ಸಿಪಾಯಿಯ ಸಂಕಟದ ಸತ್ಯವಿದೆ. ಯಾವ ಉಪ್ಪಿನ ಋಣದಿಂದ ಅವನು ಕಂಪನಿಗೆ ಕಟ್ಟುಬಿದ್ದಿದ್ದನೋ ಆ ಉಪ್ಪೇ ಮೈಲಿಗೆಯಾಗಿದೆ ಎಂದರೆ ಆ ಋಣ ಇನ್ನು ಸಲ್ಲುವುದಿಲ್ಲ ಎಂದಂತೆ. 1857ರಲ್ಲಿ ಹಿಟ್ಟಿಗೆ ಮೂಳೆಯ ಪುಡಿ ಬೆರೆಸಿದ್ದಾರೆಂಬ ವದಂತಿ ಉತ್ತರ ಹಿಂದೂಸ್ಥಾನದಲ್ಲಿ ಹರಡಿದ್ದೂ ಇದೇ ಮನಸ್ಥಿತಿಯಿಂದ. 1806ರ ಡಿಸೆಂಬರ್‌ನಲ್ಲಿ ಮದರಾಸು ಸರ್ಕಾರ ಯಾರನ್ನೂ ಕ್ರೈಸ್ತರನ್ನಾಗಿಸುವ ಉದ್ದೇಶ ತನಗಿಲ್ಲವೆಂದು ಘೋಷಣೆ ಹೊರಡಿಸಬೇಕಾಯಿತು.

ಮಂಗಳೂರಿನ ಪಾಠ

ಸೈನಿಕನ ಧರ್ಮಕ್ಕೆ ಪ್ರಭುತ್ವ ಕೈಹಾಕುವುದು ಪರದೇಶಿ ಆಳ್ವಿಕೆಯಲ್ಲಿ ಮಾತ್ರ ಆದದ್ದಲ್ಲ. ಮಂಗಳೂರಿನ ಚರಿತ್ರೆಯಲ್ಲಿ ಅದಕ್ಕೂ ಹಿಂದಿನ ನೋವಿನ ಅಧ್ಯಾಯವಿದೆ. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯಿಂದ ಟಿಪ್ಪು ಸುಲ್ತಾನ್ 1784ರಲ್ಲಿ ಸಾವಿರಾರು ಮಂದಿಯನ್ನು ಮಂಗಳೂರು ಮತ್ತು ಸುತ್ತಲ ಊರುಗಳಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದನು. ಅವರಲ್ಲಿ ಗಟ್ಟಿಮುಟ್ಟಾದ ಯುವಕರನ್ನು ಬಲವಂತವಾಗಿ ಮತಾಂತರಿಸಿ ತನ್ನ ಸೈನ್ಯಕ್ಕೆ ಸೇರಿಸಿದನು. ಬದುಕುಳಿದವರು 1799ರ ನಂತರ ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಈ ಯುವಕರು ಸಾಮೂಹಿಕ ದಂಗೆ ಏಳಲಿಲ್ಲ. ಸೆರೆಯಾಳಾಗಿ ಬಂದವನಿಗೆ ಹಿಂದೆ ಕೊಟ್ಟ ಮಾತಿಲ್ಲ, ಮುರಿದುಬೀಳಲು ನಂಬಿಕೆಯಿಲ್ಲ. ಅವನು ಸಮಯ ಕಾದು ತಪ್ಪಿಸಿಕೊಳ್ಳುತ್ತಾನೆ. ದಂಗೆ ಏಳುವವನು ಒಮ್ಮೆ ನಂಬಿ ಸೇರಿದ್ದವನು. ಇಷ್ಟಾದರೂ, ರಾಜ್ಯ ಮನಸ್ಸು ಮಾಡಿದರೆ ಸೈನಿಕನ ಧರ್ಮ ಬದಲಿಸಬಲ್ಲದು ಎಂಬುದು ದಕ್ಷಿಣದ ಜನ ಕಣ್ಣಾರೆ ಕಂಡಿದ್ದ ಸಂಗತಿ. 1806ರ ಭಯವನ್ನು ಬುಡವಿಲ್ಲದ್ದು ಎನ್ನಲಾಗದು.

ವೆಲ್ಲೂರಿನ ನಂತರ ಕಂಪನಿ ಮಿಷನರಿಗಳ ವಿಷಯದಲ್ಲಿ ಬಿಗಿಯಾಯಿತು. 1813ರ ಸನ್ನದು ಕಾಯಿದೆ ಆ ಬಾಗಿಲನ್ನು ಅಷ್ಟಿಷ್ಟು ತೆರೆಯಿತು, 1833ರದ್ದು ಬ್ರಿಟಿಷರಲ್ಲದವರಿಗೂ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಸ್ಯಾಮ್ಯುಯೆಲ್ ಹೇಬಿಕ್, ಲೆಹ್ನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಿಳಿದು ಬಾಸೆಲ್ ಮಿಷನ್ನಿನ ಕೆಲಸ ಆರಂಭಿಸಿದರು. ಈ ಕೆಲಸ ಊರಿನಲ್ಲಿ ತಳಮಳ ಹುಟ್ಟಿಸದೆ ಇರಲಿಲ್ಲ. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಆದರೂ ಅದು ಸಿಪಾಯಿ ದಂಗೆಯಾಗಿ ಬೆಳೆಯಲಿಲ್ಲ. ಕಾರಣ ಸ್ಪಷ್ಟವಾಗಿದೆ. ಬೀದಿಯಲ್ಲಿ ನಿಂತು ಸಾರುವ ಬೋಧಕನ ಮಾತಿಗೆ ಬೆನ್ನು ತಿರುಗಿಸಿ ಹೋಗಬಹುದು, ವಾದಕ್ಕೆ ವಾದ ಹೂಡಬಹುದು. ಕವಾಯತಿನ ಮೈದಾನದಲ್ಲಿ ಬರುವ ಆಜ್ಞೆಗೆ ಅದಾವುದೂ ಸಾಧ್ಯವಿಲ್ಲ.

ಬೋಧಕನೂ ಆಜ್ಞೆ ಕೊಡುವವನೂ ಒಬ್ಬನೇ ಆದಾಗ ಅಪಾಯ ಹೆಚ್ಚುತ್ತದೆ. ಹೇಬಿಕ್ 1841ರಲ್ಲಿ ಮಂಗಳೂರು ಕಡೆಯಿಂದ ಕಣ್ಣೂರಿಗೆ ಹೋಗಿ ಅಲ್ಲಿನ ದಂಡಿನಲ್ಲಿ ಬೋಧಿಸಿದರು. ಅವರ ಪ್ರಭಾವಕ್ಕೆ ಒಳಗಾದ ಇಂಗ್ಲಿಷ್ ಅಧಿಕಾರಿಗಳು ಎಷ್ಟಿದ್ದರೆಂದರೆ, 39ನೇ ಮದರಾಸು ಪಲ್ಟನ್ನಿಗೆ ಅವರ ಹೆಸರೇ ಅಡ್ಡಹೆಸರಾಗಿ ಅಂಟಿಕೊಂಡಿತು. ಉತ್ತರದಲ್ಲಿ ಬಾರಕ್‌ಪುರದ 34ನೇ ಪಲ್ಟನ್ನಿನ ದಳಪತಿ ಕರ್ನಲ್ ವ್ಹೀಲರ್ ತನ್ನ ಸಿಪಾಯಿಗಳಿಗೇ ಕ್ರೈಸ್ತಮತ ಬೋಧಿಸುತ್ತಿದ್ದನು. 1857ರ ಮಾರ್ಚ್ 29ರಂದು ಬಂದೂಕು ಎತ್ತಿದ ಮಂಗಲ್ ಪಾಂಡೆ ಅದೇ ಪಲ್ಟನ್ನಿನವನು.

ಮಂಗಳೂರು ಕಂಡ ದೊಡ್ಡ ದಂಗೆ 1837ರದ್ದು. ಅದು ಸಿಪಾಯಿಗಳದ್ದಲ್ಲ, ಮುಖ್ಯವಾಗಿ ರೈತರದ್ದು. 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದವರು ನಗದು ಕಟ್ಟಬೇಕಾಯಿತು. ಇದರ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಸರ್ಕಾರಿ ಏಕಸ್ವಾಮ್ಯದ ಹೊರೆಯೂ ಇತ್ತು. ಜಂಗಮ ವೇಷದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಎದ್ದ ಜನ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಇಂಗ್ಲಿಷ್ ಅಧಿಕಾರಿಗಳು ಕಡಲ ಮೇಲೆ ಕಣ್ಣೂರಿಗೆ ಓಡಿದರು. ಸುಮಾರು ಎರಡು ವಾರ ಊರು ದಂಗೆಯವರ ಕೈಯಲ್ಲಿತ್ತು. ಇದಕ್ಕೂ ಮೊದಲು 1830-31ರಲ್ಲಿ ಕಂದಾಯದ ವಿರುದ್ಧ ರೈತರು ಕೂಟಗಳನ್ನು ಕಟ್ಟಿದಾಗ ಸಭೆ ಸೇರಲು ಆಯ್ದುಕೊಂಡ ಜಾಗಗಳಲ್ಲಿ ಕದ್ರಿಯ ಮಂಜುನಾಥನ ಸನ್ನಿಧಿಯೂ ಒಂದು.

ಈ ಎರಡು ಹೋರಾಟಗಳಲ್ಲಿ ಧರ್ಮಕ್ಕೆ ಇದ್ದ ಸ್ಥಾನ ವೆಲ್ಲೂರಿನದಕ್ಕಿಂತ ಬೇರೆ. ನೋವು ಕಂದಾಯದ್ದು. ಸ್ವಾಮಿಯ ಕಾವಿ, ದೇವಸ್ಥಾನದ ಅಂಗಳ ಆ ನೋವಿಗೆ ಒಟ್ಟುಗೂಡುವ ನೆಲೆಯನ್ನೂ ನ್ಯಾಯದ ಬಲವನ್ನೂ ಕೊಟ್ಟವು. ವೆಲ್ಲೂರಿನಲ್ಲಿ ನೋವೇ ಧರ್ಮದ್ದು. ಧರ್ಮ ಎಂಬ ಒಂದೇ ಪದದಡಿ ಈ ಎರಡನ್ನೂ ಬೆರೆಸುವುದರಿಂದ ಚರಿತ್ರೆಯ ಬರವಣಿಗೆಯಲ್ಲಿ ಬಹಳ ಗೊಂದಲ ಉಂಟಾಗಿದೆ.

ಬಾರಕ್‌ಪುರದಿಂದ ಬೆಳಗಾವಿಯವರೆಗೆ

1824ರಲ್ಲಿ ಬರ್ಮಾ ಯುದ್ಧಕ್ಕೆ ಹೊರಡಬೇಕಿದ್ದ 47ನೇ ಬಂಗಾಳ ಪಲ್ಟನ್ನಿನ ಸಿಪಾಯಿಗಳಿಗೆ ಸಾಮಾನು ಹೊರಲು ಎತ್ತುಗಳು ಸಿಗಲಿಲ್ಲ. ಮೇಲ್ಜಾತಿಯ ಸಿಪಾಯಿ ತನ್ನ ಅಡುಗೆ ತಾನೇ ಮಾಡಿಕೊಳ್ಳುವವನು, ಆದ್ದರಿಂದ ಪ್ರತಿಯೊಬ್ಬನೂ ತನ್ನದೇ ಹಿತ್ತಾಳೆ ಪಾತ್ರೆಗಳನ್ನು ಒಯ್ಯಬೇಕು. ಅದರ ಜೊತೆಗೆ ಹಡಗು ಹತ್ತಿಸುತ್ತಾರೆಂಬ ಭಯವೂ ಇತ್ತು. ಕಡಲು ದಾಟಿದರೆ ಜಾತಿ ಹೋಗುತ್ತದೆ. ಎತ್ತು ಕೊಡಿ ಎಂಬ ಬೇಡಿಕೆಗೆ ಉತ್ತರವಾಗಿ ದಂಡನಾಯಕ ಪ್ಯಾಜೆಟ್ ಫಿರಂಗಿಗಳನ್ನು ತಂದು ನಿಲ್ಲಿಸಿ ಗುಂಡು ಹಾರಿಸಿದನು. ಬಾಡಿಗೆ ಎತ್ತಿನ ಪ್ರಶ್ನೆಯೊಳಗೆ ಊಟದ ಮಡಿಯ ಪ್ರಶ್ನೆ ಅಡಗಿತ್ತು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ.

1857ರ ಜನವರಿಯಲ್ಲಿ ಡಂಡಂನಲ್ಲಿ ಹೊಸ ಎನ್‌ಫೀಲ್ಡ್ ಬಂದೂಕಿನ ಕಾಡತೂಸಿನ ಸುದ್ದಿ ಹೊರಬಿತ್ತು. ಕಾಗದದ ಕಾಡತೂಸಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಅದಕ್ಕೆ ಸವರಿದ್ದು ದನ ಹಂದಿಗಳ ಕೊಬ್ಬು ಎಂಬ ಮಾತು ಹಬ್ಬಿತು. ಪಗಡಿಯಾದರೆ ತಲೆಯ ಮೇಲಿನದು, ಇದು ಬಾಯಿಗೇ ಬಂತು. ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದು, ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂದು ಸರ್ಕಾರ ಆಮೇಲೆ ನಿಯಮ ಸಡಿಲಿಸಿತು. ತಪ್ಪಿಲ್ಲದಿದ್ದರೆ ಏಕೆ ಬದಲಿಸುತ್ತಿದ್ದರು ಎಂದು ಆ ಸಡಿಲಿಕೆಯೇ ಸಂಶಯವನ್ನು ಗಟ್ಟಿ ಮಾಡಿತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಸವಾರರು ಕಾಡತೂಸು ಮುಟ್ಟಲೊಪ್ಪಲಿಲ್ಲ. ಮೇ 9ರಂದು ಇಡೀ ದಂಡಿನ ಎದುರು ಅವರ ಸಮವಸ್ತ್ರ ಕಳಚಿ ಕಾಲಿಗೆ ಬೇಡಿ ಹಾಕಿದರು. ಮರುದಿನ ಮೀರತ್ ಹೊತ್ತಿ ಉರಿಯಿತು. ವೆಲ್ಲೂರಿನಲ್ಲಿ 51 ವರ್ಷ ಹಿಂದೆ ನಡೆದದ್ದೇ ಅದೇ ಕ್ರಮದಲ್ಲಿ ಮರುಕಳಿಸಿತು: ಆಜ್ಞೆ, ಬಿನ್ನಹ, ಬಹಿರಂಗ ಶಿಕ್ಷೆ, ದಂಗೆ.

ಕರ್ನಾಟಕದ ಉತ್ತರ ಭಾಗದಲ್ಲಿದ್ದ ಮುಂಬಯಿ ಸೈನ್ಯಕ್ಕೂ ಬಿಸಿ ತಟ್ಟಿತು. ಕೊಲ್ಹಾಪುರದ 27ನೇ, ಧಾರವಾಡದ 28ನೇ, ಬೆಳಗಾವಿಯ 29ನೇ ಪಲ್ಟನ್ನುಗಳ ನಡುವೆ ಗುಟ್ಟಿನ ಪತ್ರವ್ಯವಹಾರವಿತ್ತು. ಜುಲೈ 31ರಂದು ಕೊಲ್ಹಾಪುರದ ಪಲ್ಟನ್ನು ಎದ್ದಿತು. ಧಾರವಾಡ, ಬೆಳಗಾವಿಗಳಲ್ಲಿ ಅಧಿಕಾರಿಗಳು ಎಚ್ಚೆತ್ತು ಬಂಧನಗಳನ್ನು ನಡೆಸಿ ದಂಗೆಯನ್ನು ತಡೆದರು.

ಮದರಾಸು ಸೈನ್ಯ ಮಾತ್ರ ಈ ಬಾರಿ ಹೆಚ್ಚುಕಡಿಮೆ ಶಾಂತವಾಗಿತ್ತು. ಬಂಗಾಳ ಸೈನ್ಯದಲ್ಲಿ ಅವಧ್ ಸೀಮೆಯ ಬ್ರಾಹ್ಮಣ, ರಜಪೂತರು ಬಹುಸಂಖ್ಯಾತರು. ಒಂದೇ ಸೀಮೆ, ಒಂದೇ ಬಗೆಯ ಕುಲಾಚಾರ ಇದ್ದುದರಿಂದ ಒಬ್ಬನ ಧರ್ಮಭಯ ಇಡೀ ಪಲ್ಟನ್ನಿನ ಭಯವಾಗುತ್ತಿತ್ತು. ಮದರಾಸು ಸೈನ್ಯದಲ್ಲಿ ಹಲವು ಜಾತಿ ಹಲವು ಭಾಷೆಯವರು ಬೆರೆತಿದ್ದರು, ಹೆಂಡತಿ ಮಕ್ಕಳು ದಂಡಿನ ಜೊತೆಯೇ ಇರುತ್ತಿದ್ದರು, ಸಮುದ್ರಯಾನಕ್ಕೆ ಅವರು ಒಗ್ಗಿಹೋಗಿದ್ದರು. ಜೊತೆಗೆ 1806ರ ಪೆಟ್ಟು ತಿಂದ ಸರ್ಕಾರ ಅವರ ವೇಷ, ಗಡ್ಡ, ನಾಮಗಳ ತಂಟೆಗೆ ಹೋಗುವುದನ್ನು ಬಿಟ್ಟಿತ್ತು. ಅಲ್ಲಿ ಕಾಣಿಸಿಕೊಂಡ ಅವಿಧೇಯತೆ ಬೇರೆ ಬಗೆಯದು. ಬಂಗಾಳಕ್ಕೆ ಹೋಗಲು ಬೆಂಗಳೂರಿನಿಂದ ಹೊರಟ 8ನೇ ಮದರಾಸು ಕುದುರೆ ಪಲ್ಟನ್ನು ಹಳೆಯ ದರದ ಸಂಬಳ, ಭತ್ಯೆ, ಪಿಂಚಣಿ ಕೊಡದ ಹೊರತು ಮುಂದೆ ಹೆಜ್ಜೆ ಇಡುವುದಿಲ್ಲವೆಂದು ದಾರಿಯಲ್ಲೇ ನಿಂತಿತು. ಆ ಪಲ್ಟನ್ನನ್ನು ನಿಶ್ಶಸ್ತ್ರಗೊಳಿಸಲಾಯಿತು, ರಕ್ತ ಹರಿಯಲಿಲ್ಲ. ಸಂಬಳದ ಜಗಳದಲ್ಲಿ ಅರ್ಧಕ್ಕೆ ಒಪ್ಪಿಕೊಳ್ಳುವ ದಾರಿ ಇರುತ್ತದೆ. ಅರ್ಧ ಧರ್ಮಭ್ರಷ್ಟನಾಗಲು ಯಾರೂ ಒಪ್ಪುವುದಿಲ್ಲ.

ಕಾರಣವೋ ನೆಪವೋ

1857ರ ಮೇಲೆ ಬಂದ ವಿಶ್ಲೇಷಣೆಗಳಲ್ಲಿ ಸರ್ ಸಯ್ಯದ್ ಅಹಮದ್ ಖಾನರದ್ದು ತೂಕದ್ದು. ದಂಗೆಯ ಕಾರಣಗಳನ್ನು ಕುರಿತ ತಮ್ಮ ಉರ್ದು ಪುಸ್ತಕದಲ್ಲಿ ಅವರು, ಶಾಸನ ಮಾಡುವ ಸಭೆಯಲ್ಲಿ ದೇಶೀಯರು ಒಬ್ಬರೂ ಇಲ್ಲದ್ದರಿಂದ ಜನರ ಮನಸ್ಸು ಸರ್ಕಾರಕ್ಕೆ ತಿಳಿಯಲಿಲ್ಲ, ಸರ್ಕಾರದ ಉದ್ದೇಶ ಜನರಿಗೆ ತಿಳಿಯಲಿಲ್ಲ ಎಂದು ವಾದಿಸಿದರು. ಧರ್ಮದ ಬಗೆಗಿನ ಭಯವನ್ನು ಅವರು ಅಲ್ಲಗಳೆಯಲಿಲ್ಲ. ಆ ಭಯ ಅಷ್ಟು ದೊಡ್ಡದಾಗಲು ಕೇಳುವ ಕಿವಿ ಇಲ್ಲದ್ದೇ ಕಾರಣವೆಂದರು. ವೆಲ್ಲೂರು, ಬಾರಕ್‌ಪುರ, ಮೀರತ್ ಮೂರೂ ಈ ಮಾತಿಗೆ ಸಾಕ್ಷಿ, ಹೈದರಾಬಾದ್ ಅದರ ವಿರುದ್ಧ ದಿಕ್ಕಿನ ಸಾಕ್ಷಿ.

ಹಾಗಾಗಿ ಕಾರಣವೋ ನೆಪವೋ ಎಂಬ ಪ್ರಶ್ನೆಯ ಚೌಕಟ್ಟೇ ಸರಿಯಿಲ್ಲ. ಸಂಬಳ, ಮಾನ, ರಾಜಕೀಯ ಅಸಮಾಧಾನಗಳು ಸಿಪಾಯಿಗೆ ಇದ್ದವು, ನಿಜ. ಅವು ಇದ್ದರೂ ಅವನು ವರ್ಷಗಟ್ಟಲೆ ಸಹಿಸಿಕೊಂಡಿದ್ದನು, ಏಕೆಂದರೆ ಉಪ್ಪಿನ ಋಣ ಅವನನ್ನು ಹಿಡಿದಿತ್ತು. ಧರ್ಮದ ಭಯ ಆ ಋಣವನ್ನು ಬಿಡಿಸಿತು. ಪ್ರಮಾಣ ಮುರಿಯುವುದು ಪಾಪ ಎಂದು ನಂಬಿದವನಿಗೆ, ಪ್ರಮಾಣ ಪಾಲಿಸುವುದೇ ಪಾಪವಾಗುವ ಸ್ಥಿತಿ ಬಂತು. ಹಿಂದೂ ಮತ್ತು ಮುಸ್ಲಿಂ ಸಿಪಾಯಿಗಳು ಪರಸ್ಪರ ಬೇರೆ ಬೇರೆ ಆಚಾರದವರಾಗಿದ್ದೂ ಒಟ್ಟಿಗೆ ನಿಂತದ್ದು ಇದರಿಂದಲೇ ಸಾಧ್ಯವಾಯಿತು. ಅವರ ನಂಬಿಕೆ ಒಂದೇ ಆಗಿರಲಿಲ್ಲ, ಮುರಿದ ನಂಬುಗೆ ಒಂದೇ ಆಗಿತ್ತು.

ಆದರೆ ಧರ್ಮಸಂಕಟ ನಿಜವಾದದ್ದು ಎಂದ ಮಾತ್ರಕ್ಕೆ ಆಮೇಲೆ ನಡೆದದ್ದೆಲ್ಲ ಧರ್ಮವಾಗುವುದಿಲ್ಲ. ವೆಲ್ಲೂರಿನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳನ್ನೂ ಕೊಲ್ಲಲಾಯಿತು. ಕೋಟೆ ಹಿಡಿದ ಮೇಲೆ ಶರಣಾದ ಸಿಪಾಯಿಗಳನ್ನು ಗೋಡೆಗೆ ನಿಲ್ಲಿಸಿ ಕೊಂದದ್ದೂ ಅಷ್ಟೇ ಅಮಾನುಷ. ಆಜ್ಞೆಯನ್ನು ಮುರಿಯದೆ ಬೇರೆ ದಾರಿಯಿಲ್ಲ ಎಂದಾದಾಗ ಅದನ್ನು ನಿರಾಕರಿಸುವುದು ಒಂದು, ಆಯುಧ ಎತ್ತುವುದು ಇನ್ನೊಂದು. ಮಂಗಳೂರಿನ ಬೆಂದೂರಿನ ಇಗರ್ಜಿ ಯಾರ ಹೆಸರಿನಲ್ಲಿದೆಯೋ ಆ ಸಂತ ಸೆಬಾಸ್ಟಿಯನ್ ಸಂಪ್ರದಾಯದ ಪ್ರಕಾರ ರೋಮನ್ ಸೈನಿಕ. ಚಕ್ರವರ್ತಿಗೆ ತನ್ನ ನಂಬಿಕೆಯನ್ನು ಒಪ್ಪಿಸಲಿಲ್ಲ, ಅವನ ಮೇಲೆ ಕತ್ತಿಯನ್ನೂ ಎತ್ತಲಿಲ್ಲ, ಬಾಣಗಳಿಗೆ ಎದೆಯೊಡ್ಡಿದನು. ಮೇ ತಿಂಗಳಲ್ಲಿ ಪಗಡಿ ಧರಿಸಲಾರೆ ಎಂದು ಹೇಳಿ ಛಡಿಯೇಟು ತಿಂದ ವೆಲ್ಲೂರಿನ ಆ ಇಬ್ಬರು ಸಿಪಾಯಿಗಳೂ ಇದೇ ಸಾಲಿನಲ್ಲಿ ನಿಲ್ಲಬೇಕಾದವರು. ಜುಲೈ ತಿಂಗಳ ರಕ್ತಪಾತದ ಹೊಣೆ ಅವರ ನಿರಾಕರಣೆಯ ಮೇಲೆ ಬೀಳುವುದಿಲ್ಲ. ಅವರಿಗೆ ಹೊಡೆಸಿದವರ ಮೇಲೆಯೂ ಆಮೇಲೆ ಕೊಂದವರ ಮೇಲೆಯೂ ಬೀಳುತ್ತದೆ.

ಆನಂತರ

1858ರ ನವೆಂಬರ್ 1ರ ರಾಣಿಯ ಘೋಷಣೆ ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟಿತು. ಸೈನ್ಯದಲ್ಲಿ ಈ ಮಾತು ವಿಚಿತ್ರ ರೂಪ ತಾಳಿತು. ಜಾತಿ ಮತಗಳ ಆಧಾರದ ಮೇಲೆ ತುಕಡಿಗಳನ್ನು ಬೇರೆಬೇರೆಯಾಗಿ ಕಟ್ಟಿ, ಒಂದು ತುಕಡಿ ಕೆರಳಿದರೆ ಇನ್ನೊಂದರಿಂದ ಅದನ್ನು ಅಡಗಿಸುವ ವ್ಯವಸ್ಥೆ ಬಂತು. ಧರ್ಮವನ್ನು ಗೌರವಿಸುವ ಹೆಸರಿನಲ್ಲಿ ಅದನ್ನು ವಿಭಜನೆಯ ಸಾಧನವಾಗಿ ಬಳಸಿಕೊಳ್ಳಲಾಯಿತು. ಇದರಿಂದ ಧರ್ಮಸಂಕಟವೂ ತಪ್ಪಲಿಲ್ಲ. 1915ರ ಫೆಬ್ರುವರಿ 15ರಂದು ಸಿಂಗಪುರದಲ್ಲಿ 5ನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸೈನಿಕರು ದಂಗೆ ಎದ್ದರು. ಅವರ ಹಡಗು ಹೊರಡಬೇಕಿದ್ದುದು ಹಾಂಗ್‌ಕಾಂಗಿಗೆ. ಖಲೀಫನ ತುರ್ಕಿಯ ವಿರುದ್ಧ ಹೋರಾಡಲು ಕಳಿಸುತ್ತಾರೆಂದು ಅವರಲ್ಲಿ ಅನೇಕರು ನಂಬಿದ್ದರು. ನಿಜವಾದ ಗುರಿ ಎಲ್ಲಿಗೆಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. 47 ಮಂದಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಸ್ವತಂತ್ರ ಭಾರತದಲ್ಲೂ ಸೈನಿಕನ ಧರ್ಮ ಮತ್ತು ಶಿಸ್ತಿನ ನಡುವಿನ ಎಳೆದಾಟ ಮುಗಿದಿಲ್ಲ. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರು ಗಡ್ಡ ಬಿಡುವ ಹಕ್ಕು ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2016ರ ಡಿಸೆಂಬರ್‌ನಲ್ಲಿ ತೀರ್ಪು ಅವರ ವಿರುದ್ಧ ಬಂತು. ಆ ತೀರ್ಪನ್ನು ಒಪ್ಪಬಹುದು, ಒಪ್ಪದಿರಬಹುದು. 1806ರ ವೆಲ್ಲೂರಿಗೂ ಇದಕ್ಕೂ ಇರುವ ಅಂತರ ಮಾತ್ರ ದೊಡ್ಡದು. ಅಂದು ಪಗಡಿಯ ಪ್ರಶ್ನೆ ಎತ್ತಿದ ಸಿಪಾಯಿಗೆ ಸಿಕ್ಕಿದ್ದು ಛಡಿಯೇಟು. ಇಂದು ಅಂಥದೇ ಪ್ರಶ್ನೆ ಎತ್ತಿದವರ ವಾದವನ್ನು ದೇಶದ ಅತ್ಯುನ್ನತ ನ್ಯಾಯಾಲಯ ಕೇಳಿತು, ಕಾರಣಗಳನ್ನು ಬರೆದು ತೀರ್ಪು ಕೊಟ್ಟಿತು. ಪ್ರಭುತ್ವ ತನ್ನ ಸೈನಿಕನಿಂದ ಪ್ರಾಣವನ್ನೇ ಕೇಳುತ್ತದೆ. ಅಷ್ಟನ್ನು ಕೇಳುವ ಪ್ರಭುತ್ವ ಅವನ ಆತ್ಮಸಾಕ್ಷಿಯ ಮಾತಿಗೆ ಕಿವಿಗೊಡುವುದು ದಯೆಯಲ್ಲ, ಅದು ತೀರಿಸಬೇಕಾದ ಋಣ.